ಕಾಲ್ಪನಿಕ ಕಂದುಕಕ್ರೀಡೆಯ ಅಂತ್ಯಪರ್ವ: ಒಂದು ಮೀಮಾಂಸೆ

ಒಡೆತನವಿಲ್ಲದ ಒಡೆಯನಿಗೆ ಆಸೆ ಹುಟ್ಟಬಹುದೇ, ಹುಟ್ಟಿದರೆ ಅದು ಯಾವ ಪ್ರಮಾಣದ ಬಲದಿಂದ ಡಿಸೆಂಬರಿನವರೆಗೆ ಜೀವ ಹಿಡಿದಿರುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ಪ್ರಾಚೀನ ಮೀಮಾಂಸಕರು ಎತ್ತಲಿಲ್ಲ. ಎತ್ತುವ ಪ್ರಸಂಗವೂ ಅವರಿಗೆ ಒದಗಲಿಲ್ಲ, ಏಕೆಂದರೆ ನಿಜ ಆಟಗಾರರನ್ನು ಕಲ್ಪನೆಯಲ್ಲಿ ಹಂಚಿಕೊಂಡು ಅವರ ಮೈದಾನದ ಸಾಧನೆಯನ್ನು ತಮ್ಮ ಅಂಕಗಳಾಗಿ ಎಣಿಸುವ, ಅಮೆರಿಕದ ಫ್ಯಾಂಟಸಿ ಫುಟ್ಬಾಲ್ ಎಂಬ ದರ್ಶನವು ಆಗಿನ್ನೂ ಉದಿಸಿರಲಿಲ್ಲ. 1962ರಲ್ಲಿ ಓಕ್‌ಲ್ಯಾಂಡ್ ರೇಡರ್ಸ್ ತಂಡದ ಪಾಲುದಾರನಾಗಿದ್ದ ಬಿಲ್ ವಿಂಕೆನ್‌ಬಾಕ್ ಎಂಬ ಮಹನೀಯನು, ತಂಡದೊಡನೆ ನ್ಯೂಯಾರ್ಕಿಗೆ ಹೋಗಿದ್ದಾಗ, ಹೋಟೆಲಿನಲ್ಲಿ ಪತ್ರಿಕಾವೃತ್ತಿಯ ಮಿತ್ರನೇ ಮೊದಲಾದವರೊಡನೆ ಕುಳಿತು ಇದರ ಸೂತ್ರಗಳನ್ನು ರಚಿಸಿದನು; ಮರುವರ್ಷದ ಆಗಸ್ಟಿನಲ್ಲಿ ಎಂಟು ತಂಡಗಳವರು ಆತನ ಮನೆಯಲ್ಲಿ ಕೂಡಿ ಆಟಗಾರರನ್ನು ಹಂಚಿಕೊಂಡಾಗ ಪ್ರಥಮ ವರಣದ ಗೌರವವು ಜಾರ್ಜ್ ಬ್ಲಾಂಡಾನಿಗೆ ಸಂದಿತು. ಇಲ್ಲಿಗೆ ಇತಿಹಾಸವನ್ನು ಮುಗಿಸುವೆನು. ಹಂಚಿಕೆಯಾದ ಆಟಗಾರರನ್ನು ಯಾರೂ ಕೇಳಲಿಲ್ಲವೆಂಬುದಷ್ಟೇ ನಮಗೆ ಮುಖ್ಯ.

ಫಿಲಡೆಲ್ಫಿಯಾ ನಗರದ ಹನ್ನೆರಡು ಮಂದಿ ಮಿತ್ರರ ಲೀಗೊಂದನ್ನು ನಿದರ್ಶನಕ್ಕೆ ತೆಗೆದುಕೊಳ್ಳೋಣ. ಋತುವಿನ ಹದಿನಾಲ್ಕನೆಯ ವಾರದ ಬಳಿಕ ಆರು ಮಂದಿ ಪ್ಲೇಆಫಿಗೆ ಏರುವರು. ಐದು ಸ್ಥಾನಗಳು ಭರ್ತಿಯಾಗಿವೆ. ಆರನೆಯದಕ್ಕೆ 7 ಗೆಲುವು 6 ಸೋಲುಗಳ ಇಬ್ಬರು ಹಕ್ಕುದಾರರಿರುವರು. ಶಾಸ್ತ್ರಸಂಪ್ರದಾಯದಂತೆ ಇವರನ್ನು ದೇವದತ್ತ, ಯಜ್ಞದತ್ತ ಎಂದು ಕರೆಯುವೆನು. ಸಮಬಲವಾದಲ್ಲಿ ಋತುವಿನ ಒಟ್ಟು ಅಂಕಗಳು ನಿರ್ಣಾಯಕವೆಂಬ ವಿಧಿಯುಂಟಷ್ಟೆ. ಅದರಲ್ಲಿ ಯಜ್ಞದತ್ತನು ಬಹಳ ಮುಂದು. ಆದಕಾರಣ ದೇವದತ್ತನು ಗೆದ್ದರೆ ಸಾಲದು, ಯಜ್ಞದತ್ತನು ಸೋಲಲೂ ಬೇಕು. ಯಜ್ಞದತ್ತನನ್ನು ಸೋಲಿಸಬೇಕಾದವನಾದರೋ, ಅಕ್ಟೋಬರಿನಲ್ಲಿ ಕುಂಟುತ್ತಿದ್ದ ಆಟಗಾರನೊಬ್ಬನನ್ನು ದೇವದತ್ತನ ತಲೆಗೆ ಕಟ್ಟಿ ವಿನಿಮಯ ಮಾಡಿಕೊಂಡ ಮೂರನೆಯವನು. ಎರಡು ತಿಂಗಳಿಂದ ಮಾತು ಬಿಟ್ಟಿದ್ದ ಈ ಮನುಷ್ಯನ ಕ್ಷೇಮವನ್ನು ದೇವದತ್ತನು ಈಗ ದಿನಕ್ಕೆರಡು ಸಲ ವಿಚಾರಿಸುತ್ತಾನೆ.

ಇನ್ನು ಪ್ರಮಾಣವಿಚಾರ. ಪ್ರತ್ಯಕ್ಷವು ಇಲ್ಲಿ ನಿರುಪಯೋಗಿ, ಏಕೆಂದರೆ ದೇವದತ್ತನು ಪಂದ್ಯವನ್ನು ನೋಡುವುದಿಲ್ಲ, ಕೈಯಲ್ಲಿನ ಮೊಬೈಲಿನ ಅಂಕಿಯನ್ನು ನೋಡುತ್ತಾನೆ. ಶಬ್ದಪ್ರಮಾಣವೆಂದರೆ ತಂಡಗಳು ಹೊರಡಿಸುವ ಗಾಯಾಳುಗಳ ಪಟ್ಟಿ. ಮೊದಲು ಇದರಲ್ಲಿ ಆಡುವುದು ಬಹುಮಟ್ಟಿಗೆ ಖಂಡಿತವೆನ್ನುವ ‘ಪ್ರಾಬಬಲ್’ ಎಂಬ ಕೋಟಿಯೊಂದಿದ್ದು, 2016ರಲ್ಲಿ ಅದನ್ನು ಲೋಪ ಮಾಡಿದ್ದರಿಂದ ಸಂಶಯದ ಎರಡು ಕೋಟಿಗಳೂ ನಾಸ್ತಿಯ ಒಂದು ಕೋಟಿಯೂ ಮಾತ್ರ ಉಳಿದುಕೊಂಡವು. ಜಗತ್ತಿನ ಯಾವ ನಾಸ್ತಿಕವಾದವೂ ಇಷ್ಟು ಸದ್ದಿಲ್ಲದೆ ಜಯಿಸಿದ್ದನ್ನು ನಾನು ಕಾಣೆ. ಆದಕಾರಣ ದೇವದತ್ತನು ಅರ್ಥಾಪತ್ತಿಯನ್ನು ಆಶ್ರಯಿಸುವನು. ಹಗಲು ಉಣ್ಣದ ದೇವದತ್ತನು ದಪ್ಪಗಿದ್ದರೆ ರಾತ್ರಿ ಉಣ್ಣುತ್ತಿರಬೇಕೆಂಬುದು ಹಳೆಯ ಉದಾಹರಣೆಯಲ್ಲವೆ? ಹಾಗೆಯೇ ತನ್ನ ರನ್ನಿಂಗ್ ಬ್ಯಾಕ್ ಬುಧವಾರವೂ ಗುರುವಾರವೂ ಅಭ್ಯಾಸಕ್ಕೆ ಬಾರದಿರುವುದರಿಂದ, ಭಾನುವಾರಕ್ಕಾಗಿ ಕಾಲನ್ನು ಕಾದಿರಿಸುತ್ತಿರಬೇಕೆಂದು ಆತನು ನಿಶ್ಚಯಿಸುವನು. ಪಂದ್ಯಕ್ಕೆ 90 ನಿಮಿಷ ಮುಂಚೆ ಆಡದವರ ಪಟ್ಟಿ ಬರುವವರೆಗೂ ಈ ತರ್ಕದಲ್ಲಿ ದೋಷವಿಲ್ಲ.

ಭಕ್ತಿಯ ಸಮಸ್ಯೆ ಇದಕ್ಕಿಂತ ಜಟಿಲವಾದುದು. ದೇವದತ್ತನು ತನ್ನ ಊರಿನ ಈಗಲ್ಸ್ ತಂಡದ ಹುಟ್ಟಾ ಭಕ್ತ. ಆತನ ರನ್ನಿಂಗ್ ಬ್ಯಾಕ್ ಡಲ್ಲಾಸ್ ಕೌಬಾಯ್ಸ್ ತಂಡದವನು. ಈ ವಾರ ಇವೆರಡಕ್ಕೇ ಕದನ. ಡಲ್ಲಾಸಿನ ಮೂರು ಟಚ್‌ಡೌನುಗಳನ್ನೂ ತನ್ನವನೇ ಹೊಡೆದು, ಈಗಲ್ಸ್ 28–21ರಿಂದ ಗೆಲ್ಲಬೇಕೆಂಬುದೇ ಆತನು ಕಂಡುಕೊಂಡ ಸಮನ್ವಯ. ಎದುರಾಳಿಯ ಓಟಕ್ಕೆ ಚಪ್ಪಾಳೆ ತಟ್ಟಿದ್ದಕ್ಕಾಗಿ ಮಾವನವರು ಆತನನ್ನು ದಿವಾನಖಾನೆಯಿಂದ ಅಡುಗೆಮನೆಗೆ ಕಳುಹಿಸಿದರೆಂಬುದು ತತ್ತ್ವಕ್ಕೆ ಬಾಧಕವಲ್ಲ.

ಆಟಗಾರರೆಂಬ ಪ್ರಜೆಗಳು ಇಂಥ ಅರಸರನ್ನು ಅರಿತಿರುವರೇ? 2007ರ ಡಿಸೆಂಬರ್ 16ರಂದು, ಅದೂ ಡಲ್ಲಾಸಿನ ಎದುರಿಗೇ, ಈಗಲ್ಸಿನ ಬ್ರಯಾನ್ ವೆಸ್ಟ್‌ಬ್ರೂಕ್ ಎದುರಿಗೆ ತಡೆಯುವವರಿಲ್ಲದೆ ಓಡಿಹೋಗಿ, ಟಚ್‌ಡೌನಿನ ಗೆರೆಗೆ ಒಂದೇ ಗಜ ಉಳಿದಾಗ ಬೇಕೆಂದೇ ನೆಲಕ್ಕೆ ಬಿದ್ದನು. ಎದುರಾಳಿಗೆ ಚೆಂಡೇ ಸಿಗದಂತೆ ಕಾಲವನ್ನು ಕಳೆದು ಈಗಲ್ಸ್ 10–6ರಿಂದ ಗೆದ್ದಿತು. ಬುದ್ಧಿವಂತಿಕೆಯ ಪರಾಕಾಷ್ಠೆಯೆಂದು ಲೋಕವು ಹೊಗಳಿತು. ಅದು ಅನೇಕ ಮಿತ್ರಮಂಡಲಿಗಳಲ್ಲಿ ಪ್ಲೇಆಫಿನ ವಾರವಾಗಿದ್ದುದರಿಂದ, ಆ ಆರು ಅಂಕಗಳನ್ನು ಕಳೆದುಕೊಂಡವರ ಅಭಿಪ್ರಾಯವನ್ನು ಇಲ್ಲಿ ಬರೆಯಲಾರೆನು. ಇದಕ್ಕೆ ಪ್ರತಿಯಾಗಿ 2020ರ ಕ್ರಿಸ್ಮಸ್ ದಿನ ನ್ಯೂ ಆರ್ಲಿಯನ್ಸಿನ ಆಲ್ವಿನ್ ಕಮಾರಾ ಆರು ಟಚ್‌ಡೌನುಗಳನ್ನು ಓಡಿ, 1929ರಲ್ಲಿ ಅರ್ನಿ ನೆವರ್ಸ್ ಸ್ಥಾಪಿಸಿದ ದಾಖಲೆಯನ್ನು ಸರಿಗಟ್ಟಿದನು. ಅನೇಕ ಲೀಗುಗಳಲ್ಲಿ ಅದು ಅಂತಿಮ ಪಂದ್ಯದ ವಾರ. ಆತನನ್ನು ಹೊಂದಿದ್ದವರು ಅದನ್ನು ತಮ್ಮ ಪಾಂಡಿತ್ಯದ ಫಲವೆಂದೇ ಇಂದಿಗೂ ಹೇಳಿಕೊಳ್ಳುತ್ತಾರೆ.

ಸೋಮವಾರ ರಾತ್ರಿಯ ವೇಳೆಗೆ ಯಜ್ಞದತ್ತನು ಸೋತಾಗಿತ್ತು. ದೇವದತ್ತನು ತನ್ನ ಆ ವಾರದ ಎದುರಾಳಿಗಿಂತ 0.2 ಅಂಕದಿಂದ ಮುಂದಿದ್ದನು, ಆತನ ಕ್ವಾರ್ಟರ್‌ಬ್ಯಾಕಿನ ಪಂದ್ಯವೊಂದೇ ಉಳಿದಿತ್ತು, ಅದೂ ಗೆದ್ದಂತೆಯೇ. ಆಗ ಆ ಪುಣ್ಯಾತ್ಮನು ಗಡಿಯಾರವನ್ನು ಸವೆಸುವುದಕ್ಕಾಗಿ ಚೆಂಡು ಹಿಡಿದು ಮಂಡಿಯೂರಿದನು. ಮಂಡಿಯೂರಿದರೆ ಒಂದು ಗಜದ ಹಿನ್ನಡೆ. ಹತ್ತು ಗಜಕ್ಕೆ ಒಂದು ಅಂಕವಾದುದರಿಂದ 0.1 ಖೋತಾ. ಎರಡನೆಯ ಸಲ ಊರಿದಾಗ ಸಮಬಲವಾಯಿತು. ಮೂರನೆಯ ಸಲ ಊರಿದಾಗ ಎರಡು ತಂಡಗಳವರೂ ಪರಸ್ಪರ ಕೈಕುಲುಕಿ ಬೀಳ್ಕೊಳ್ಳುತ್ತಿದ್ದರೆ, ಫಿಲಡೆಲ್ಫಿಯಾದ ಅಡುಗೆಮನೆಯೊಂದರಲ್ಲಿ ಒಬ್ಬ ಗೃಹಸ್ಥನು ಟೀವಿಯ ಎದುರು ಕೈಮುಗಿದು, ‘ಏಳಪ್ಪಾ, ಎದ್ದೇಳು’ ಎಂದು ಬೇಡುತ್ತಿದ್ದನು.

ಆದರೆ ಕರ್ಮಫಲವು ಅಲ್ಲಿಗೇ ಮುಗಿಯದೆ ಪುನರ್ವಿಮರ್ಶೆಗೆ ಒಳಗಾಗುವುದೇ ಈ ದರ್ಶನದ ವೈಶಿಷ್ಟ್ಯ. ಅಧಿಕೃತ ಅಂಕಿಗಳನ್ನು ಕಾಯುವ ಎಲಿಯಾಸ್ ಸ್ಪೋರ್ಟ್ಸ್ ಬ್ಯೂರೋ ವಾರದ ನಡುವೆ ಲೆಕ್ಕಗಳನ್ನು ತಿದ್ದುವುದುಂಟು. ಗುರುವಾರ, ಎದುರಾಳಿಯ ಆಟಗಾರನೊಬ್ಬನ ಮೂರು ಗಜದ ಓಟವೊಂದು ಒಂದೇ ಗಜವೆಂದು ನಿರ್ಣಯವಾಗಿ, ದೇವದತ್ತನು 0.1 ಅಂಕದಿಂದ ಗೆದ್ದವನಾದನು. ಯಜ್ಞದತ್ತನು ಲೀಗಿನ ಕಮಿಷನರ್ ಪದವಿಯ ಮಿತ್ರನಿಗೆ ಸುದೀರ್ಘ ತಕರಾರನ್ನು ಬರೆದನು. ಅದು ಈ ಪ್ರಬಂಧಕ್ಕಿಂತ ಉದ್ದವಾಗಿಯೂ ಹೆಚ್ಚು ತರ್ಕಬದ್ಧವಾಗಿಯೂ ಇದ್ದಿತು, ಮತ್ತು ತಿರಸ್ಕೃತವಾಯಿತು.

ಪ್ಲೇಆಫಿನ ವಿಚಾರವು ಗ್ರಂಥದ ವ್ಯಾಪ್ತಿಗೆ ಹೊರತು. ಆರನೆಯವನಾಗಿ ಏರಿದ ದೇವದತ್ತನು ಮೂರನೆಯ ಸ್ಥಾನದವನನ್ನು ಎದುರಿಸಬೇಕಾಗಿದ್ದು, ಮುಂದಿನ ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆಯೊಳಗೆ 58 ಅಂಕಗಳಿಂದ ಹಿಂದೆ ಬಿದ್ದನೆಂದು ತಿಳಿದುಬರುತ್ತದೆ.