ಇಪ್ಪತ್ನಾಲ್ಕು ಗಂಟೆ ನೀರು

(ಕುಂದಲಹಳ್ಳಿ, ಎರಡನೇ ಮಹಡಿ. ಸೀಲಿಂಗಿನಿಂದ ಹನಿ, ಕೆಳಗೆ ಬಕೆಟ್ಟು.)

"ಸಾರ್, ಮೇಲ್ಮನೆ ಬಾತ್‌ರೂಮ್ ಪೈಪು ಸೋರ್ತಿದೆ."

"ಬೇಸಿಗೇಲಿ ಟ್ಯಾಂಕರ್‌ಗೆ ದುಡ್ಡು ಸುರಿದಿದ್ದೀವಿ, ಈಗ ಬಿಟ್ಟಿ ಬರ್ತಿದೆ. ಅಡ್ಜಸ್ಟ್ ಮಾಡ್ಕೊಳಪ್ಪಾ."

"ಗೋಡೆಗೆ ಪಾಚಿ ಕಟ್ಟಿದೆ!"

"ಗೋಡೆ ಕೆಡಿಸಿದ್ದಕ್ಕೆ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಅಡ್ವಾನ್ಸಲ್ಲಿ ಹಿಡ್ಕೋತೀನಿ. ಅಗ್ರಿಮೆಂಟ್ ಓದು."

"ನೀವು 1882ರ ಆಸ್ತಿ ವರ್ಗಾವಣೆ ಕಾಯ್ದೆ ಓದಿ ಸಾರ್. 108ನೇ ಸೆಕ್ಷನ್ನು. ಮಾಲೀಕ ಮಾಡಿಸಬೇಕಾದ ರಿಪೇರಿಯನ್ನ ನೋಟಿಸ್ ಕೊಟ್ಟರೂ ಸಕಾಲಕ್ಕೆ ಮಾಡಿಸದಿದ್ದರೆ ನಾವೇ ಮಾಡಿಸಿ, ಬಡ್ಡಿ ಸಮೇತ ಬಾಡಿಗೇಲಿ ಮುರ್ಕೋಬಹುದು."

"1882? ಆಗ ಈ ಬಿಲ್ಡಿಂಗೇ ಇರಲಿಲ್ವಲ್ಲೋ!"

(ವಾದದಲ್ಲಿ ಹುರುಳಿದೆ. ಬಿಲ್ಡಿಂಗಿಗಿಂತ ಕುಂದಲಹಳ್ಳಿ ಕೆರೆ ಹಳೇದು.)

"ನೋಟಿಸ್ ವಾಟ್ಸಾಪ್ ಮಾಡಿದೀನಿ ಸಾರ್."

"ನಾನೂ ಮಾಡಿದೀನಿ, ನೋಡ್ಕೋ. ನಿನ್ನ ಹನ್ನೊಂದು ತಿಂಗಳು ಮುಗೀತು. ಟು-ಲೆಟ್ ಬೋರ್ಡಲ್ಲಿ 'ಇಪ್ಪತ್ನಾಲ್ಕು ಗಂಟೆ ನೀರು' ಅಂತ ಬರೆಸಿ, ಎರಡು ಸಾವಿರ ಏರಿಸಿದೀನಿ."