ಬೇರಿಂಗ್ ಹೋದ ಸಂಗೀತ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ನನ್ನನ್ನು ಕಂಡೊಡನೆ ರಸ್ತೆಯ ಆಚೆ ಬದಿಗೆ ದಾಟಿಬಿಡುವವರಲ್ಲಿ ಎರಡು ಪಂಗಡ. ಒಂದು, ನನ್ನಿಂದ ಕೈಗಡ ತೆಗೆದುಕೊಂಡವರದು, ಅದರಲ್ಲಿರುವುದು ಇಬ್ಬರೇ. ಉಳಿದವರೆಲ್ಲ ‘ಮೊನ್ನೆ ಕಳಿಸಿದ್ದು ಕೇಳಿದ್ರಾ?’ ಅನ್ನುವ ನನ್ನ ಪ್ರಶ್ನೆಗೆ ಹೆದರಿದವರು. ನನಗೆ ಆಲ್ಬಂ ಶಿಫಾರಸು ಮಾಡುವ ಚಟ. ಸಿನಿಮಾ ಹಾಡಾಗಿದ್ದರೆ ಊರು ಹೇಗೋ ಸಹಿಸುತ್ತಿತ್ತು. ನಾನು ಕಳಿಸುವುದು ಇಂಡಿ, ಎಲೆಕ್ಟ್ರಾನಿಕ್, ಮತ್ತು ಯಾರ ಮನೆಯಲ್ಲೂ ಎರಡನೇ ನಿಮಿಷ ದಾಟದ ಪ್ರಾಯೋಗಿಕ ಸಂಗೀತ. ಹಾಗೆ ‘ಪ್ರಾಯೋಗಿಕ’ ಎಂದು ಬಾಯಿಬಿಟ್ಟ ದಿನ, ನನ್ನ ಜೊತೆ ವರ್ಷಗಟ್ಟಲೆ ಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತರಾದ ಮಿತ್ರರು ಬಹಳ ಕಾಳಜಿಯಿಂದ ಕೇಳಿದ್ದರು: ‘ಎಕ್ಸ್‌ಟರ್ನಲ್ ಎಕ್ಸಾಮಿನರ್ ಯಾರು ಸಾರ್?’

ಐವತ್ತು ನಿಮಿಷದ ಆಲ್ಬಂ ಕಳಿಸಿದರೆ ಏಳನೇ ಸೆಕೆಂಡಿಗೆ ಕೈಮುಗಿದ ಚಿತ್ರ ಬರುತ್ತದೆ. ಕೇಳಿದ್ದಕ್ಕೆ ವಂದನೆಯೋ, ದಮ್ಮಯ್ಯ ಬಿಟ್ಟುಬಿಡಿ ಎಂಬ ಬೇಡಿಕೆಯೋ ತಿಳಿಯದ ಹಾಗೆ ಆ ಕೈಗಳನ್ನು ಬರೆದಿದ್ದಾರೆ. ಬೆಳಿಗ್ಗೆ ಐದಕ್ಕೇ ಗುಲಾಬಿ, ಸೂರ್ಯ, ಗಾದೆಮಾತು ಎಲ್ಲವನ್ನೂ ಒಂದೇ ಚಿತ್ರದಲ್ಲಿ ತುರುಕಿ ನೂರು ಜನಕ್ಕೆ ರವಾನಿಸುವ ಮಹನೀಯರೊಬ್ಬರು ನನಗೆ ಬುದ್ಧಿ ಹೇಳಿದರು: ‘ಸುಮ್ಮನೆ ಏನೇನೋ ಫಾರ್ವರ್ಡ್ ಮಾಡಬಾರದು ಸಾರ್, ಜನಕ್ಕೆ ಬೇಜಾರಾಗುತ್ತೆ.’ ಆ ರಾತ್ರಿ ನಾನು ಊಟ ಸರಿಯಾಗಿ ಮಾಡಲಿಲ್ಲ.

ನನ್ನ ಕಿವಿ ಕೆಟ್ಟದ್ದು ಇವತ್ತು ನಿನ್ನೆಯಲ್ಲ. ಭದ್ರಾವತಿ ಆಕಾಶವಾಣಿ ಶುರುವಾದದ್ದು 1965ರಲ್ಲಿ. ನಾನು ನಡೆಯಲು ಕಲಿತದ್ದು ಅದರ ಹಿಂದೆಮುಂದೆ. 675 ಕಿಲೋಹರ್ಟ್ಸಿನ ಮೇಲೆ ಅಪ್ಪ ಮುಳ್ಳನ್ನು ನಿಲ್ಲಿಸಿ ಸ್ನಾನಕ್ಕೆ ಹೋದರೆ ನಾನು ಅದನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸುತ್ತಿದ್ದೆ. ವಾರ್ತೆ ಓದುವವರು ನೀರೊಳಗೆ ಇಳಿಯುತ್ತಿದ್ದರು. ಅವರ ತಲೆಯ ಮೇಲೆ ಒಂದು ಸಣ್ಣ ಸಿಳ್ಳು, ಅದರ ಬೆನ್ನಿಗೆ ಇನ್ನೊಂದು, ಹಿಂದೆ ಒಗ್ಗರಣೆ ಸಿಡಿದಂಥ ಸದ್ದು. ಸ್ನಾನದ ಮನೆಯಿಂದ ಬಂದ ಒದ್ದೆ ಕೈಯ ಏಟು ಇವತ್ತಿಗೂ ನೆನಪಿದೆ. 1968ರಲ್ಲಿ ಸ್ಟಾಕ್‌ಹೌಸನ್ ಎಂಬ ಜರ್ಮನ್ ಸಂಯೋಜಕ ಶಾರ್ಟ್‌ವೇವ್ ರೇಡಿಯೋಗಳನ್ನು ವಾದ್ಯಗಾರರ ಕೈಗೇ ಕೊಟ್ಟು ‘ಕುರ್ಟ್ಸ್‌ವೆಲ್ಲೆನ್’ ಎಂಬ ಕೃತಿ ಮಾಡಿದ. ಅವನಿಗೆ ಚಪ್ಪಾಳೆ ಸಿಕ್ಕಿತು. ಅಪ್ಪನ ಕೈಗೆ ಅವನು ಸಿಕ್ಕಿರಲಿಲ್ಲ, ಅಷ್ಟೇ.

ಇಂಡಿ ವಿಷಯದಲ್ಲಿ ಮಾತ್ರ ನನಗೆ ಊರಿನ ಬೆಂಬಲ ಸಿಗಬೇಕಿತ್ತು. ಸಿನಿಮಾದ ಹಂಗಿಲ್ಲದೆ ತನ್ನ ಕಾಲ ಮೇಲೆ ತಾನು ನಿಂತ ಹಾಡು ಇಂಡಿ ಎನ್ನುವುದಾದರೆ ನಮ್ಮ ಭಾವಗೀತೆ ಮತ್ತೇನು? ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡಿದ ನಿಸಾರ್ ಅಹಮದರ ಕವಿತೆಗಳು ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ‘ನಿತ್ಯೋತ್ಸವ’ ಎಂಬ ಕ್ಯಾಸೆಟ್ ಆದದ್ದು 1978ರಲ್ಲಿ. ವಕೀಲಿ ಮಾಡುತ್ತಿದ್ದ ಶಿವಮೊಗ್ಗ ಸುಬ್ಬಣ್ಣ ಕರಿ ಕೋಟು ಕಳಚಿಟ್ಟು ಷರೀಫರ ತತ್ವಪದ ಹಾಡಿದರು. 2008ರಲ್ಲಿ ರಘು ದೀಕ್ಷಿತ್ ಲುಂಗಿ ಉಟ್ಟು ತಮ್ಮ ಮೊದಲ ಆಲ್ಬಮಿನಲ್ಲಿ ಗಿಟಾರಿನ ಜೊತೆ ಹಾಡಿದ್ದೂ ಅದೇ ಷರೀಫರನ್ನು. ಹೀಗಂತ ಒಂದು ಮದುವೆ ಮನೆಯ ಪಂಕ್ತಿಯಲ್ಲಿ ವಾದಿಸಿದೆ. ಪಕ್ಕದ ಎಲೆಯವರು ‘ಹೋಳಿಗೆಗೆ ತುಪ್ಪ ಹಾಕಿಸ್ಕೊಳ್ಳಿ’ ಎಂದರು.

ಚರಣ್‌ಜಿತ್ ಸಿಂಗ್ ಕಥೆ ಇನ್ನೂ ಚಿಕ್ಕದು. ಬೊಂಬಾಯಿಯ ಸಿನಿಮಾ ವಾದ್ಯಗೋಷ್ಠಿಗಳಲ್ಲಿ ನುಡಿಸುತ್ತಿದ್ದ ಈ ಪುಣ್ಯಾತ್ಮ 1982ರಲ್ಲಿ ಮೂರು ರೋಲ್ಯಾಂಡ್ ಯಂತ್ರಗಳನ್ನು ಮುಂದಿಟ್ಟುಕೊಂಡು ಭೈರವ, ತೋಡಿ, ಮಾಲಕೌಂಸ ಎಂದು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿದ. ಯಾರೂ ಕೊಳ್ಳಲಿಲ್ಲ. ಮುಂದೆ ಐದು ವರ್ಷಕ್ಕೆ ಶಿಕಾಗೋದಲ್ಲಿ ಅದೇ ಥರದ ಯಂತ್ರದಿಂದ ‘ಆಸಿಡ್ ಹೌಸ್’ ಹುಟ್ಟಿತು ಎಂದು ಜಗತ್ತು ಕುಣಿಯಿತು; 2010ರಲ್ಲಿ ಆಲ್ಬಂ ಮತ್ತೆ ಹೊರಬಂದಾಗ ಎಲ್ಲರೂ ಬೆರಳು ಕಚ್ಚಿದರು. ನಮ್ಮ ಬೀದಿಯ ಸಂಗೀತದ ಮೇಡಂಗೆ ಇದನ್ನು ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದರು. ‘ಭೈರವ ಶುದ್ಧವಾಗಿದೆ. ಆದರೆ ಒಳಗೆ ಯಾವುದೋ ಜೀರುಂಡೆ ಸಿಕ್ಕಿಹಾಕ್ಕೊಂಡಿದೆ, ಪಾಪ, ಬಿಡಿಸಿ’ ಎಂದರು.

ಬ್ರಯಾನ್ ಈನೋ 1978ರಲ್ಲಿ ಧ್ವನಿಮುದ್ರಿಸಿದ ‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’ ವಿಷಯಕ್ಕೆ ಬಂದರೆ ನಾನು ನಾಲ್ಕು ದಶಕ ಕಾದವನು. ಆಲ್ಬಂ ಇತ್ತು, ವಿಮಾನ ನಿಲ್ದಾಣ ಇರಲಿಲ್ಲ. 2023ರ ಫೆಬ್ರುವರಿಯಲ್ಲಿ ಸೋಗಾನೆಯಲ್ಲಿ ಕುವೆಂಪು ಹೆಸರಿನ ನಿಲ್ದಾಣ ಉದ್ಘಾಟನೆಯಾಯಿತು, ತಾವರೆಯಾಕಾರದ ಕಟ್ಟಡ ಬೇರೆ. ಆಗಸ್ಟ್ ಕೊನೆಗೆ ವಿಮಾನ ಹಾರಲು ಶುರುವಾದ ಮೇಲೆ ಒಂದು ಮಧ್ಯಾಹ್ನ ಇಯರ್‌ಫೋನ್ ಸಿಕ್ಕಿಸಿಕೊಂಡು ಸ್ಕೂಟರಿನಲ್ಲಿ ಹೋದೆ. ಕಾವಲಿನವನು ವಿನಯದಿಂದಲೇ ಕೇಳಿದ: ‘ಕಳಿಸೋಕ್ ಬಂದ್ರಾ ಸಾರ್, ಕರ್ಕೊಂಡ್ ಹೋಗೋಕ್ ಬಂದ್ರಾ?’ ‘ಹಾಡು ಕೇಳೋಕೆ ಬಂದೆ.’ ಅವನು ನನ್ನ ಸ್ಕೂಟರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ‘ಮನೇಲಿ ಯಾರಾದ್ರೂ ಇದ್ದಾರಾ?’ ಎಂದ. ಹದಿನೇಳು ನಿಮಿಷದ ಮೊದಲ ಭಾಗವನ್ನು ಗೇಟಿನಾಚೆ ಬಿಸಿಲಲ್ಲಿ ನಿಂತು ಮುಗಿಸಿದೆ. ಅಷ್ಟು ಹೊತ್ತೂ ಆಕಾಶದಲ್ಲಿ ಒಂದು ಹದ್ದು ಮಾತ್ರ ಹಾರುತ್ತಿತ್ತು. ಈನೋಗೆ ಬೇಕಾಗಿದ್ದದ್ದೂ ಅಂಥ ಶಾಂತಿಯೇ ಇರಬೇಕು.

ಇಷ್ಟಾದ ಮೇಲಾದರೂ ಬಾಯಿ ಮುಚ್ಚಿಕೊಂಡು ಇರಬೇಕಿತ್ತು. ನಾನು ಭದ್ರಾವತಿಗೆ ಹೋದೆ.

ನನ್ನ ಮಾವನವರು ಕಬ್ಬಿಣದ ಕಾರ್ಖಾನೆಯ ಫೋರ್ಜ್ ಶಾಪಿನಲ್ಲಿ ಮೇಂಟೆನೆನ್ಸ್ ಫಿಟ್ಟರ್ ಆಗಿ ಮೂವತ್ಮೂರು ವರ್ಷ ಸವೆಸಿದವರು. ಎಡಗಿವಿಯನ್ನು ಅಲ್ಲೇ ಬಿಟ್ಟು ಬಂದಿದ್ದಾರೆ. ಈಗ ಜನ್ನಾಪುರದ ಮನೆಯಲ್ಲಿ ಗ್ರೈಂಡರು, ಫ್ಯಾನು, ನೆರೆಯವರ ಬೋರ್‌ವೆಲ್ ಇವುಗಳ ಆರೋಗ್ಯ ನೋಡಿಕೊಂಡಿದ್ದಾರೆ. ಅವರಿಗೆ ‘ಇಂಡಸ್ಟ್ರಿಯಲ್ ಮ್ಯೂಸಿಕ್’ ಕೇಳಿಸಬೇಕೆಂದು ನನಗೆ ಹೊಳೆದ ಗಳಿಗೆಯನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ; ತುಸು ಹೆಮ್ಮೆಯೂ ಆಗುತ್ತದೆ. ಬರ್ಲಿನ್ನಿನ ಐನ್‌ಷ್ಟ್ಯೂರ್ಟ್ಸೆಂಡೆ ನೋಯ್‌ಬೌಟನ್ ತಂಡ (ಹೆಸರಿನ ಅರ್ಥ ‘ಕುಸಿಯುತ್ತಿರುವ ಹೊಸ ಕಟ್ಟಡಗಳು’, ಹೇಳುವಷ್ಟರಲ್ಲಿ ಒಂದು ಕಟ್ಟಡ ಕುಸಿದಿರುತ್ತದೆ) 1980ರಲ್ಲಿ ಹುಟ್ಟಿದ್ದು. ಗುಜರಿ ತಗಡು, ಸ್ಪ್ರಿಂಗು, ಕೊರೆಯುವ ಯಂತ್ರ ಇವೇ ಅವರ ವಾದ್ಯ. ಆ ವರ್ಷ ಹೆದ್ದಾರಿ ಸೇತುವೆಯೊಂದರ ಹೊಟ್ಟೆಯೊಳಗೆ ತೂರಿಕೊಂಡು ಮುದ್ರಿಸಿದ ಕ್ಯಾಸೆಟ್ಟಿಗೆ ‘ಷ್ಟಾಲ್‌ಮ್ಯುಸಿಕ್’, ಅಂದರೆ ಉಕ್ಕಿನ ಸಂಗೀತ, ಎಂದು ಹೆಸರಿಟ್ಟರು. ಉಕ್ಕಿನ ಊರಿನವರಿಗೆ ಉಕ್ಕಿನ ಸಂಗೀತ! ಇದಕ್ಕಿಂತ ಸರಿಯಾದ ಶಿಫಾರಸು ಭೂಮಿಯ ಮೇಲೆ ಯಾರೂ ಮಾಡಿರಲಾರರು ಎಂದು ಬಸ್ಸಿನಲ್ಲಿ ಒಬ್ಬನೇ ನಕ್ಕೆ.

ಕಾಫಿ ಆಯಿತು. ಸ್ಪೀಕರನ್ನು ಜಗಲಿಯ ಮೇಲಿಟ್ಟು ಆ ತಂಡದ 1981ರ ‘ಕೊಲಾಪ್ಸ್’ ಆಲ್ಬಂ ಹಚ್ಚಿದೆ. ಎರಡನೇ ಹಾಡು ಕೊರೆಯುವ ಯಂತ್ರದ ಸದ್ದಿನೊಂದಿಗೆ ಎದ್ದಿತು. ಮಾವ ಪೇಪರ್ ಮಡಚಿದರು. ಎದ್ದರು. ಒಳಗೆ ಹೋದರು. ಕೋಪ ಬಂತು ಅಂದುಕೊಂಡೆ. ಹೊರಗೆ ಬಂದಾಗ ಕೈಯಲ್ಲಿ ಒಂದು ಮೊಳದ ಸ್ಕ್ರೂಡ್ರೈವರ್ ಇತ್ತು.

ಅದರ ತುದಿಯನ್ನು ಸ್ಪೀಕರಿನ ನೆತ್ತಿಗೆ ಊರಿದರು. ಹಿಡಿಯನ್ನು ಬಲಗಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಬಾಗಿ ನಿಂತರು. ಓಡುವ ಮಷೀನಿನ ಬೇರಿಂಗನ್ನು ಫಿಟ್ಟರುಗಳು ಕೇಳುವುದೇ ಹೀಗೆ. ಡಾಕ್ಟರ ಸ್ಟೆತಾಸ್ಕೋಪಿನ ಬಡ ನೆಂಟ ಅದು. ಹಾಡು ಮುಗಿಯುವತನಕ ಮಾವ ಅಲುಗಲಿಲ್ಲ. ನಾನು ಕಳಿಸಿದ ಒಂದು ಹಾಡನ್ನು, ಇಡೀ ನನ್ನ ಆಯುಷ್ಯದಲ್ಲಿ, ಒಬ್ಬ ಮನುಷ್ಯ ಇಷ್ಟು ಏಕಾಗ್ರತೆಯಿಂದ ಕೇಳಿದ್ದಿಲ್ಲ. ನನಗೆ ಗಂಟಲು ಕಟ್ಟಿತು.

‘ಔಟರ್ ರೇಸ್ ಹೋಗಿದೆ’ ಎಂದರು ಮಾವ.

‘ಅದು ಸಂಗೀತ ಮಾವ.’

‘ಇರಬಹುದು ಅಳಿಯಂದ್ರೇ. ಗ್ರೀಸ್ ಕಂಡು ಆರು ತಿಂಗಳಾಗಿದೆ. ಅಲ್ಲಿ ಮೇಂಟೆನೆನ್ಸ್ ಯಾರದು?’

‘ಬ್ಲಿಕ್ಸಾ ಬಾರ್ಗೆಲ್ಡ್ ಅಂತ. ಹಾಡೋದೂ ಅವನೇ.’

‘ಅದಕ್ಕೇ. ಎರಡು ಕೆಲಸ ಒಬ್ಬನ ತಲೆಗೆ ಕಟ್ಟಿದ್ರೆ ಹೀಗೇ ಆಗೋದು.’

ಅಷ್ಟರಲ್ಲಿ ಸದ್ದು ಕೇಳಿ ಎದುರು ಮನೆಯವರು ಬಂದರು. ಇವರು ಕ್ರೇನ್ ಆಪರೇಟರ್ ಆಗಿದ್ದವರು. ಯಾರ ಮನೆಯಲ್ಲೋ ಮೋಟರು ಸುಡುತ್ತಿದೆ ಎಂದು ಇನ್ನೊಬ್ಬರು ಬಂದರು. ಇವರು ಪೇಪರ್ ಮಿಲ್ಲಿನವರು. ಮೂವರೂ ಸ್ಪೀಕರಿನ ಸುತ್ತ ಕುರ್ಚಿ ಎಳೆದುಕೊಂಡರು. ಸ್ಕ್ರೂಡ್ರೈವರ್ ಪಂಚಪಾತ್ರೆಯ ಉದ್ಧರಣೆಯಂತೆ ಕೈಯಿಂದ ಕೈಗೆ ಹೋಯಿತು. ಕ್ರೇನಿನವರು ಅದು ಚಿಪ್ಪಿಂಗ್ ಹ್ಯಾಮರ್ ಎಂದರು. ಮಾವ ಅಲ್ಲ ಎಂದರು. ಪೇಪರ್ ಮಿಲ್ಲಿನವರು ಬಹಳ ಹೊತ್ತು ಆಲಿಸಿ, ‘ಏನೇ ಹೇಳಿ ಮಾರಾಯ್ರೆ, ಪೇಪರ್ ಮಷೀನಿನ ಸದ್ದಿಗೆ ಒಂದು ಮರ್ಯಾದೆ ಇರ್ತಿತ್ತು. ಈ ಕಬ್ಬಿಣದವರದ್ದು ಯಾವಾಗಲೂ ಇಷ್ಟೇ’ ಎಂದರು. ಅಲ್ಲಿಂದ ವಾದ ಎರಡು ಕಾರ್ಖಾನೆಗಳ ಹಳೇ ಕ್ರಿಕೆಟ್ ಮ್ಯಾಚಿಗೆ ಹೊರಳಿತು. ನಾನು ಕಷ್ಟಪಟ್ಟು ಬರ್ಲಿನ್ನಿಗೆ ಎಳೆದು ತಂದೆ.

ನಾನೂ ಮೇಷ್ಟ್ರಲ್ಲವೇ, ಚರಿತ್ರೆ ಹೇಳದೆ ಬಿಡುವೆನೇ? ಇದೇ ತಂಡದವರು 1984ರ ಜನವರಿಯಲ್ಲಿ ಲಂಡನ್ನಿನ ಐಸಿಎ ರಂಗದ ಮೇಲೆ ಯಂತ್ರಗಳ ಕಛೇರಿ ನಡೆಸಿ ವೇದಿಕೆಯನ್ನೇ ಕೊರೆಯತೊಡಗಿದರು, ಕೊನೆಗೆ ಕಾರ್ಯಕ್ರಮವನ್ನೇ ನಿಲ್ಲಿಸಬೇಕಾಯಿತು ಎಂದೆ. ಕಲೆಯ ಇತಿಹಾಸದಲ್ಲಿ ಇದು ದಂತಕಥೆ. ಜಗಲಿಯ ಮೇಲೆ ಮೌನ ಕವಿಯಿತು.

‘ವರ್ಕ್ ಪರ್ಮಿಟ್ ಇಲ್ಲದೆ ಕೊರೆದ್ರಾ?’ ಎಂದರು ಕ್ರೇನಿನವರು.

‘ಕೆಳಗೆ ಕೇಬಲ್ ಇದ್ದಿದ್ರೆ?’ ಎಂದರು ಪೇಪರ್ ಮಿಲ್ಲಿನವರು.

‘ಚಾರ್ಜ್‌ಶೀಟ್ ಕೊಟ್ಟಿರ್ತಾರೆ ಬಿಡಿ’ ಎಂದು ಮಾವ ಸಮಾಧಾನ ಮಾಡಿದರು. ಆಮೇಲೆ ಸ್ಕ್ರೂಡ್ರೈವರನ್ನು ತೊಡೆಯ ಮೇಲಿಟ್ಟುಕೊಂಡು, ಯಾವ ವಿಮರ್ಶಕನೂ ಬರೆಯದ ಒಂದು ಮಾತು ಹೇಳಿದರು: ‘ಹುಡುಗರು ಚೆನ್ನಾಗಿ ಹೊಡೀತಾರೆ. ಆದರೆ ಎಂಟು ಗಂಟೆ ಹೊಡೆಯೋನು ಹೀಗೆ ಹೊಡೆಯಲ್ಲ. ಅವನು ಕೈ ಉಳಿಸ್ಕೊಂಡು ಹೊಡೀತಾನೆ. ಇವರಿಗೆ ನಾಳೆ ಡ್ಯೂಟಿ ಇಲ್ಲ.’

ಮೂವತ್ತು ವರ್ಷದಿಂದ ಆ ಆಲ್ಬಂ ಕೇಳುತ್ತಿದ್ದೇನೆ. ಆಮೇಲೆ ಅದು ಮೊದಲಿನ ಹಾಗೆ ಕೇಳಿಸಿದ್ದೇ ಇಲ್ಲ.

ಆಲ್ಬಂ ಮುಗಿದಾಗ ಬೀದಿಯಲ್ಲಿ ಸದ್ದೇ ಇರಲಿಲ್ಲ. ಪ್ರಯೋಗ ಎಂದರೆ ಭದ್ರಾವತಿಯೇ ಒಂದು ಪ್ರಯೋಗವಾಗಿತ್ತಲ್ಲ: ಕಲ್ಲಿದ್ದಲಿಲ್ಲದ ನಾಡಿನಲ್ಲಿ ಮಲೆನಾಡಿನ ಕಟ್ಟಿಗೆ ಸುಟ್ಟ ಇದ್ದಿಲಿನಿಂದ 1923ರಲ್ಲಿ ಕಬ್ಬಿಣ ಕರಗಿಸಲು ಹೊರಟದ್ದು. ಸರಿಯಾಗಿ ನೂರು ವರ್ಷಕ್ಕೆ, 2023ರ ಜನವರಿಯಲ್ಲಿ, ಮುಚ್ಚುವ ತೀರ್ಮಾನ ಬಂತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕೂತರು. ಪೇಪರ್ ಮಿಲ್ಲಂತೂ 2015ರಲ್ಲೇ ನಿಂತಿತ್ತು. ಈ ಮೂವರೂ ಅದರ ಬಗ್ಗೆ ಮಾತೆತ್ತಲಿಲ್ಲ. ಪೇಪರ್ ಮಿಲ್ಲಿನವರು ಖಾಲಿ ಲೋಟದೊಳಗೆ ನೋಡುತ್ತಿದ್ದರು.

‘ನಿಮ್ಮ ಫೋನಲ್ಲಿ ಎಲ್ಲಾ ಸಿಗುತ್ತೆ ಅಂತೀರಲ್ಲ, ನಮ್ಮ ಸೈರನ್ ಸಿಗುತ್ತಾ?’ ಎಂದರು ಮಾವ.

ಅಹಮದಾಬಾದಿನ ಎನ್ಐಡಿಯಲ್ಲಿ 1969ರಿಂದ 72ರ ತನಕ ಮೂಗ್ ಸಿಂಥಸೈಜರಿನ ಮೇಲೆ ನಮ್ಮವರು ಮಾಡಿದ ಟೇಪುಗಳು ದಶಕಗಟ್ಟಲೆ ಬೀರುವಿನಲ್ಲಿ ಮಲಗಿದ್ದು 2023ರಲ್ಲಿ ಆಲ್ಬಮ್ಮಾಗಿ ಬಂದಿವೆ, ಅದು ನನ್ನಲ್ಲಿದೆ. 1948ರಲ್ಲಿ ಪಿಯೆರ್ ಷೆಫೆರ್ ಪ್ಯಾರಿಸ್ಸಿನ ರೈಲ್ವೆ ಯಾರ್ಡಿನಲ್ಲಿ ಹಿಡಿದ ಇಂಜಿನ್ನುಗಳ ಸದ್ದಿದೆ. ಭದ್ರಾವತಿಯ ಸೈರನ್ ನನ್ನಲ್ಲಿರಲಿಲ್ಲ. ಹುಡುಕುತ್ತಾ ಬೆರಳು ನೋಯಿಸಿಕೊಂಡೆ. ಅಷ್ಟೊಂದು ಜನಕ್ಕೆ ಏನೇನೋ ಕೇಳಿಸಿದವನು ಮೊದಲ ಸಲ ಕೈಮುಗಿದ ಚಿತ್ರದ ಹಾಗೆ ಕೂತೆ.

‘ಹೋಗಲಿ, ಹೀಗಿತ್ತು’ ಎಂದು ಮಾವ ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಕೂಗಿದರು. ನಾನು ಗಡಿಬಿಡಿಯಲ್ಲಿ ರೆಕಾರ್ಡಿಂಗ್ ಒತ್ತಿದೆ. ‘ಅಲ್ಲ ಮಾರಾಯ, ಅದು ಕೆಳಗಿಂದ ಏಳ್ತಿತ್ತು’ ಎಂದು ಕ್ರೇನಿನವರು ಇನ್ನೂ ತಗ್ಗಿನಿಂದ ಶುರುಮಾಡಿದರು. ನಮ್ಮದು ಬೇರೆ ಥರ ಎಂದು ಪೇಪರ್ ಮಿಲ್ಲಿನವರೂ ಸೇರಿಕೊಂಡರು. ಎಪ್ಪತ್ತು ದಾಟಿದ ಮೂವರ ಮೂರು ಶ್ರುತಿಯ ಸೈರನ್ ಜನ್ನಾಪುರದ ಬೀದಿಯಲ್ಲಿ ಏರಿತು. ಎಲ್ಲೋ ಒಂದು ನಾಯಿ ನಾಲ್ಕನೇ ಸ್ವರ ಕೊಟ್ಟಿತು.

ಅತ್ತೆ ಸೆರಗಿಗೆ ಕೈ ಒರೆಸುತ್ತಾ ಬಾಗಿಲಿಗೆ ಬಂದರು. ಗಡಿಯಾರ ನೋಡಿದರು.

‘ಇದು ಎರಡು ಗಂಟೆ ಶಿಫ್ಟಿಂದಲ್ವಾ? ಈಗ ನಾಲ್ಕೂವರೆ. ಯಾರಾದ್ರೂ ನಂಬಿ ಡ್ಯೂಟಿಗೆ ಹೊರಟುಬಿಟ್ಟಾರು, ನಿಲ್ಸಿ!’