ಕೆಂಪು ರಟ್ಟಿನ ಪುಸ್ತಕ, ಕೆಟ್ಟ ಬೀದಿದೀಪ

ಸರಸ್ವತಿಪುರಂನ ನಮ್ಮ ಮನೆಗೂ ಪಕ್ಕದ ಮೇಷ್ಟ್ರ ಮನೆಗೂ ನಡುವೆ ಎದೆಮಟ್ಟದ ಗೋಡೆ. ಬೆಳಗ್ಗೆ ಅವರು ನಂಜಬಟ್ಟಲು ಹೂ ಬಿಡಿಸಲು ಬರುತ್ತಾರೆ, ನಾನು ಕಾಫಿ ಲೋಟ ಹಿಡಿದು ನಿಲ್ಲುತ್ತೇನೆ. ಗಿಡ ಅವರದು, ಅರ್ಧ ಹೂ ಅರಳುವುದು ನಮ್ಮ ಕಡೆ. ಈ ಗಡಿ ತಂಟೆ ಬಿಟ್ಟರೆ ನಮ್ಮಿಬ್ಬರದು ಪರಮ ಸ್ನೇಹ.

"ಏನ್ರೀ ಅದು, ಕೈಲಿ?"

"ರೆನ್ ಅಂಡ್ ಮಾರ್ಟಿನ್."

"ಮೊಮ್ಮಗನಿಗಾ?"

"ನನಗೇ. ಬರವಣಿಗೆ ಸುಧಾರಿಸ್ಕೊಳ್ಳೋಣ ಅಂತ."

ಮೇಷ್ಟ್ರು ಹೂಬುಟ್ಟಿಯನ್ನು ಗೋಡೆಯ ಮೇಲಿಟ್ಟರು. ಇವತ್ತು ಅವರ ಮನೆ ಪೂಜೆ ತಡ ಅಂತ ಲೆಕ್ಕ.

ಕೆಂಪು ರಟ್ಟಿನ ಇಂಗ್ಲಿಷ್ ವ್ಯಾಕರಣ, ಹಳೇ ಪುಸ್ತಕದ ಅಂಗಡಿಯಲ್ಲಿ ಸಿಕ್ಕಿದ ಪ್ರತಿ ಅದು. ಹಿಂದಿನ ಒಡೆಯ ಯಾರೋ ಶಾಲಾ ಹುಡುಗ, ಪುಟಪುಟಕ್ಕೂ ಪೆನ್ಸಿಲ್ ಆಡಿಸಿದ್ದಾನೆ. ಕಾಲಗಳ ಪಾಠದ ಪಕ್ಕ 'ಬಾಯಿಪಾಠ', ವಿರಾಮಚಿಹ್ನೆಗಳ ಪಾಠದ ಪಕ್ಕ 'ಬಿಡಬಹುದು'. ಆತ ಈಗ ಎಲ್ಲೋ ದೊಡ್ಡ ಹುದ್ದೆಯಲ್ಲಿರಬೇಕು. ನನಗೆ ಬರುವ ಸುತ್ತೋಲೆಗಳಲ್ಲಿ ಪೂರ್ಣವಿರಾಮವೇ ಇರುವುದಿಲ್ಲ.

ಈ ಪುಸ್ತಕ ಹುಟ್ಟಿದ್ದು 1930ರ ದಶಕದಲ್ಲಿ, ಇಂಡಿಯಾದಲ್ಲಿದ್ದ ಬ್ರಿಟಿಷರ ಮಕ್ಕಳಿಗಾಗಿ. ಅವರು ಗಂಟುಮೂಟೆ ಕಟ್ಟಿದರು, ಪುಸ್ತಕ ನಮಗೆ ಉಳಿಯಿತು. ಪಿ.ಸಿ. ರೆನ್ ಬರೀ ವ್ಯಾಕರಣದವರೂ ಅಲ್ಲ. ಮರಳುಗಾಡಿನ ಫ್ರೆಂಚ್ ಸೇನೆಯ ಸಾಹಸ ಕಥೆ 'ಬೋ ಜೆಸ್ಟ್' (1924) ಬರೆದವರೂ ಅವರೇ. ಇದನ್ನು ಹೇಳಿದರೆ ಮೇಷ್ಟ್ರು ನಂಬಲಿಲ್ಲ. "ಕ್ರಿಯಾಪದದ ಪಟ್ಟಿ ಬರೆದೋನು ಕಾದಂಬರಿ ಬರೀತಾನೇನ್ರೀ?"

ಆಮೇಲೆ ಅವರ ಸರದಿ. "ನಮ್ಮ ಆರ್.ಕೆ. ನಾರಾಯಣ್ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೇಲಿ ಡುಮ್ಕಿ ಹೊಡೆದದ್ದು ಯಾವುದರಲ್ಲಿ ಗೊತ್ತೇನು? ಇಂಗ್ಲಿಷ್‌ನಲ್ಲಿ! ಅಪ್ಪ ಹೆಡ್‌ಮಾಸ್ಟರು ಬೇರೆ. ಅದೇ ಹುಡುಗ 1935ರಲ್ಲಿ 'ಸ್ವಾಮಿ ಅಂಡ್ ಫ್ರೆಂಡ್ಸ್' ತಂದ. ಇವತ್ತು ಯಾದವಗಿರಿಯ ಅವರ ಮನೆ ವಸ್ತುಸಂಗ್ರಹಾಲಯ."

"ಹಾಗಾದ್ರೆ ನಾನೂ ಫೇಲಾಗ್ಬೇಕಾ?"

"ನೀವು ಆಗಲೇ ಆಗಿದೀರಲ್ಲ. ಕುವೆಂಪು ಕಥೆ ಕೇಳಿ. 1922ರಲ್ಲಿ ಇಂಗ್ಲಿಷ್ ಕವನ ಅಚ್ಚು ಹಾಕಿಸಿದ್ರು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಇದೇ ಮೈಸೂರಲ್ಲಿ ಸಿಕ್ಕಿ, ನಿನ್ನ ಭಾಷೇಲಿ ಬರಿಯಪ್ಪ ಅಂದ್ರು. ಮುಂದಿನದು ನಿಮಗೇ ಗೊತ್ತು."

ನಾನು ಸೋಲುವವನಲ್ಲ. ಈ ಪುಸ್ತಕದಿಂದ ನನ್ನ ಇಂಗ್ಲಿಷ್‌ನೊಳಗಿನ ಕನ್ನಡ ಕಣ್ಣಿಗೆ ಬಿತ್ತು ಎಂದೆ. ನಾವು 'ಯೆಸ್ಟರ್ಡೇ ಓನ್ಲಿ ಐ ಟೋಲ್ಡ್' ಅನ್ನುತ್ತೇವಲ್ಲ, ಆ ಓನ್ಲಿ ಎಲ್ಲಿಂದ ಬಂತು? 'ನಿನ್ನೇನೇ ಹೇಳಿದ್ನಲ್ಲ' ಅನ್ನುವಾಗ ಕೊನೆಗೆ ಬರುವ ಆ 'ಏ'. ಸೂಟು ತೊಡಿಸಿ ಓನ್ಲಿ ಮಾಡಿ ಕಳಿಸಿದ್ದೇವೆ. ಮೇಷ್ಟ್ರು ತಲೆದೂಗಿದರು. ಇಷ್ಟು ಹೊತ್ತಿನಲ್ಲಿ ನನಗೆ ಸಿಕ್ಕಿದ ಒಂದೇ ಒಂದು ಅಂಕ.

ಅದೂ ಕೂಡಲೇ ಹೋಯಿತು. ನಮ್ಮ ಬೀದಿದೀಪ ಕೆಟ್ಟಿತ್ತು. ಸಂಬಂಧಪಟ್ಟ ಕಚೇರಿಗೆ ನಾನು ಬರೆದಿಟ್ಟಿದ್ದ ಅರ್ಜಿ ಪುಸ್ತಕದೊಳಗಿಂದ ಜಾರಿ ಬಿತ್ತು. ಅವರು ಎತ್ತಿಕೊಂಡು ಗಟ್ಟಿಯಾಗಿ ಓದಿದರು: 'ಬೀದಿದೀಪವು ದುರಸ್ತಿಗೊಳಿಸಲ್ಪಡದೇ ಇರುವುದು ನನ್ನಿಂದ ಗಮನಿಸಲ್ಪಟ್ಟಿದೆ.'

"ಗಮನಿಸಿದ್ದು ಯಾರ್ರೀ?"

"ನಾನೇ."

"ಮತ್ತೆ ನೀವೆಲ್ಲಿ ಅಡಗಿ ಕೂತಿದೀರಿ? ಇದು ಆ ಕೆಂಪು ಪುಸ್ತಕದ ಪ್ಯಾಸಿವ್ ವಾಯ್ಸು. ಇಂಗ್ಲಿಷ್‌ಗೆ ಒಪ್ಪುತ್ತೆ ಅನ್ನಿ. ನಮ್ಮಲ್ಲೂ ಕರ್ಮಣಿ ಪ್ರಯೋಗ ಅಂತ ಪಾಠ ಇದೆ, ರಾಮನಿಂದ ರಾವಣ ಕೊಲ್ಲಲ್ಪಟ್ಟ ಅಂತ ನಾನೇ ಎಷ್ಟೋ ವರ್ಷ ಬರೆಸಿದೀನಿ. ಆದರೆ ನಮ್ಮಜ್ಜಿ ಕಥೆ ಹೇಳೋವಾಗ ರಾಮನೇ ರಾವಣನ್ನ ಕೊಲ್ತಿದ್ದ. ಬಾಗಿಲು ಮುರಿದವರು ಯಾರು ಅಂತ ಗೊತ್ತಿಲ್ದೇ ಇದ್ರೂ 'ಬಾಗಿಲು ಮುರಿದುಹೋಗಿದೆ' ಅಂತಾರೆ ಜನ. 'ಮುರಿಯಲ್ಪಟ್ಟಿದೆ' ಅಂದವರನ್ನ ದೇವರಾಜ ಮಾರ್ಕೆಟ್ಟಲ್ಲಿ ಒಬ್ಬರನ್ನಾದ್ರೂ ತೋರಿಸಿ."

ಲೋಟದಲ್ಲಿ ಕಾಫಿ ಆರಿತ್ತು. ನಾನು ಒಳಗೆ ಬಂದು ಅದೇ ಪಾಠ ತೆರೆದೆ. ಕರ್ತರಿಯನ್ನು ಕರ್ಮಣಿಗೆ ತಿರುಗಿಸಿ ಎಂಬ ಅಭ್ಯಾಸವನ್ನು ಹಿಂದುಮುಂದು ಮಾಡಿದೆ. ನನ್ನ ಒಂದೊಂದು ವಾಕ್ಯವನ್ನೂ ಹಿಡಿದು, ಮಾಡಿದವರು ಯಾರು, ಅವರನ್ನು ಮುಂದೆ ತಂದು ನಿಲ್ಲಿಸು ಅಂದೆ. ಒಂದು ಹಾಳೆಯ ಅರ್ಜಿ ಎರಡು ಸಾಲಿಗೆ ಇಳಿಯಿತು: 'ನಮ್ಮ ಬೀದಿಯ ದೀಪ ಕೆಟ್ಟು ಇಪ್ಪತ್ತು ದಿನವಾಯಿತು. ದಯವಿಟ್ಟು ಸರಿಮಾಡಿಸಿ.'

ಸಂಜೆ ಗೋಡೆಯಾಚೆಗೆ ಚಾಚಿ ತೋರಿಸಿದೆ. ಮೇಷ್ಟ್ರು ಎರಡು ಸಲ ಓದಿ, ಒಂದೂ ತಿದ್ದದೆ ವಾಪಸು ಕೊಟ್ಟರು. ಪುಸ್ತಕ ಮಾತ್ರ ಇಟ್ಟುಕೊಂಡರು, ಓದಿ ಕೊಡ್ತೀನಿ ಅಂತ.

ಅರ್ಜಿ ಕೊಟ್ಟು ತಿಂಗಳಾಗುತ್ತ ಬಂತು. ಪುಸ್ತಕವೂ ಬಂದಿಲ್ಲ, ದೀಪವೂ ಹತ್ತಿಲ್ಲ.